ಮದ್ದು ಹೊಡೆದ ಮನೆ

ಕೂಡಿಗೆ, ಕೊಡಗು ಜಿಲ್ಲೆ
೧೮-೧೧-೧೯೫೯, ಬುಧವಾರ

ಪ್ರೀತಿಯ ತಮ್ಮ ಶಾಂತಪ್ಪನಿಗೆ,

ನಿನ್ನ ಅಕ್ಕನ ಆಶೀರ್ವಾದ. ಮೈ ಹೇಗಿದೆ? ಶನಿವಾರಸಂತೆಯ ಚಳಿಗೆ ನಿನ್ನ ಕೆಮ್ಮು ಹೆಚ್ಚಾಗಿರಬೇಕು. ಸೊಳ್ಳೆಗೆ ಹೊಡೆಯುವ ಆ ಡಿ.ಡಿ.ಟಿ. ಪುಡಿ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದು ಊಟಕ್ಕೆ ಕೂರುತ್ತೀಯೋ, ಇಲ್ಲ ಚಡ್ಡಿಗೆ ಒರೆಸಿಕೊಂಡು ಕೂರುತ್ತೀಯೋ? ನೀನು ಒರೆಸಿಕೊಳ್ಳುವ ಜಾತಿ, ನನಗೆ ಗೊತ್ತು. ನಿನ್ನ ಭಾವ ಉಂಡು ಗದ್ದೆಗೆ ಹೋಗುತ್ತಾರೆ. ನಾನು ಇದ್ದೇನೆ, ಅಷ್ಟೆ.

ಚಿನ್ನ ಹೋಗಿ ಇವತ್ತಿಗೆ ಹದಿಮೂರು ದಿನ. ಅವಳ ಲಂಗ ಇನ್ನೂ ಹಗ್ಗದ ಮೇಲಿದೆ, ತೆಗೆಯಲು ಕೈ ಬರುತ್ತಿಲ್ಲ. ಆರು ವರ್ಷದ ಮಗಳು ಮೂರೇ ದಿನದ ಚಳಿಜ್ವರಕ್ಕೆ ಹೋಗಿಬಿಟ್ಟಳಲ್ಲ. ಗಾಡಿ ಕಟ್ಟಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕಣ್ಣು ಮೇಲಾಗಿತ್ತು. ಡಾಕ್ಟರು ರಕ್ತ ನೋಡಿ ಮಲೇರಿಯಾ ಎಂದರು. ಮಣ್ಣಿಗೆ ಬಂದ ನೀನು ಹೊರಡುವಾಗ ಹೇಳಿದ ಮಾತು ಕಿವಿಯಲ್ಲೇ ಇದೆ: “ನಮ್ಮನೆ ಮಗೀನೇ ಉಳಿಸ್ಕೊಳ್ಳಕ್ಕಾಗ್ದೋನು ಇನ್ನೊಬ್ರ ಬಾಗ್ಲಿಗೆ ಪಂಪು ಹೊತ್ಕೊಂಡು ಯಾವ ಮುಖ ಇಟ್ಕೊಂಡು ಹೋಗ್ಲಕ್ಕ? ಈ ತಿಂಗ್ಳು ಮುಗೀಲಿ, ಕೆಲ್ಸ ಬಿಟ್‌ಬಿಡ್ತೀನಿ.” ಅದಕ್ಕೇ ಈ ಕಾಗದ. ಬಿಡಬೇಡ ಕಣಪ್ಪ.

ಮದ್ದು ಹೊಡೆದ ಮನೆಯಲ್ಲೇ ಸಾವಾಯಿತೆಂದು ಇಲ್ಲಿಯವರು ಆಡುವ ಮಾತು ನಿನ್ನ ಕಿವಿಗೂ ಬಿದ್ದಿರಬೇಕು. “ಅಮೆರಿಕದೋರು ಮುಗ್ಗಲು ಪುಡಿ ಕಳಿಸವ್ರೆ, ಪುಕ್ಕಟೆ ಕೊಟ್ಟದ್ದು ಇನ್ನೆಂಗಿರ್ತದೆ” ಎಂದು ಬೆಳ್ಳಿಯಪ್ಪ ತನ್ನ ಅಂಗಡಿ ಮುಂದೆ ಕೂತು ಹೋಗಿಬರುವವರಿಗೆಲ್ಲ ಹೇಳುತ್ತಾನೆ. ಮುಂದಿನ ಸಲ ಮದ್ದಿನವರಿಗೆ ಬಾಗಿಲು ತೆಗೆಯುವುದಿಲ್ಲ ಎಂದು ಹತ್ತು ಮನೆಯವರು ಆಗಲೇ ತೀರ್ಮಾನ ಮಾಡಿದ್ದಾರೆ. ನಿಮ್ಮ ಮಲೇರಿಯಾ ಇನ್ಸ್‌ಪೆಕ್ಟರು ಬಂದರು. ಶ್ರಾವಣದಲ್ಲಿ ನೀನೇ ಬಾಗಿಲ ಮೇಲೆ ಬರೆದ ತಾರೀಖು ನೋಡಿ, ‘ಮದ್ದು ಹೊಡೆದ ಮನೆ’ ಎಂದು ಗುರುತು ಹಾಕಿಕೊಂಡು ಹೋದರು. ನಾನು ಒಳಗೆ ಕರೆಯಲಿಲ್ಲ.

ಬೆಳ್ಳಿಯಪ್ಪನಿಗೆ ಎಲ್ಲ ಮರೆತುಹೋಗಿದೆ. ಅಪ್ಪಯ್ಯ ಅರಕಲಗೂಡಿನಿಂದ ನಮ್ಮನ್ನು ಇಲ್ಲಿಗೆ ತಂದಾಗ ನೀನು ಅಂಬೆಗಾಲಿಡುತ್ತಿದ್ದೆ. ಭೂಮಿಗೆ ಬರವಿರಲಿಲ್ಲ, ಉಳುವವರಿಗೆ ಏಳಲು ಶಕ್ತಿಯಿರಲಿಲ್ಲ. ಕೊಯ್ಲಿಗೆ ಸರಿಯಾಗಿ ಊರಿಗೂರೇ ಕಂಬಳಿ ಹೊದ್ದು ನಡುಗುತ್ತಾ ಮಲಗಿರುತ್ತಿತ್ತು, ಭತ್ತ ಗದ್ದೆಯಲ್ಲೇ ಉದುರುತ್ತಿತ್ತು. ಅಪ್ಪಯ್ಯನನ್ನೂ ಅದೇ ಜ್ವರ ತಿಂದಿತು. ಈ ಪುಡಿ ಬಂದ ಮೇಲಲ್ಲವೆ ನಾವು ಪೂರ್ತಿ ಕೊಯ್ಲು ಕಂಡದ್ದು, ಮಳೆಗಾಲದಲ್ಲೂ ಎರಡು ಹೊತ್ತು ಒಲೆ ಉರಿಸಿದ್ದು? ನಮ್ಮ ಮುಖ ಕಾಣದ ಜನ ಹಡಗಿನಲ್ಲಿ ಕಳಿಸಿದ್ದು. ಡ್ರಮ್ಮಿನ ಮೇಲೆ ಕೈಗೆ ಕೈ ಕೊಟ್ಟ ಚಿತ್ರ ಇರುತ್ತಿತ್ತಲ್ಲ, ಅದರಲ್ಲಿ ನಮ್ಮ ಕೈ ಯಾವುದು ಮಾವ ಎಂದು ಚಿನ್ನ ನಿನ್ನ ತಲೆ ತಿನ್ನುತ್ತಿದ್ದಳು. ಇನ್ನು ಯಾರು ಕೇಳುತ್ತಾರೆ.

ನಿನಗೆ ನೋಡಿದ ಹೆಣ್ಣಿನ ಕಡೆಯವರು ವರ್ಷ ಕಳೆಯಲಿ ಎಂದು ಹೇಳಿಕಳಿಸಿದ್ದಾರೆ. ಗೌರಿಹಬ್ಬದ ಹಿಂದಿನ ವಾರ ಮನೆ ನೋಡಲು ಬಂದವರು, ಮನೆ ಎಷ್ಟು ಚೊಕ್ಕಟವಾಗಿದೆ ಎಂದು ಹೊಗಳಿದ್ದೇ ಹೊಗಳಿದ್ದು.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನಾದರೂ ನೆಟ್ಟಗೆ ಇಟ್ಟಿರಲಿ.

ನಿನ್ನ ಅಕ್ಕ,
ಚಲುವಮ್ಮ

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ. ಈಗ ಬರೆಯದಿದ್ದರೆ ಎಂದೂ ಬರೆಯುವುದಿಲ್ಲ. ಪುಡಿ ಸರಿಯಾಗಿಯೇ ಇತ್ತು. “ಮೂರು ತಿಂಗ್ಳು ಗೋಡೆ ಮುಟ್ಬೇಡಕ್ಕ, ಮದ್ದಿರೋದೇ ಗೋಡೆ ಮೇಲೆ, ಸೊಳ್ಳೆ ಅಲ್ಲಿ ಕೂತ್ರೇನೇ ಸಾಯೋದು” ಎಂದು ನೀನು ಬಡಿದುಕೊಂಡಿದ್ದೆ. ಹೆಣ್ಣಿನ ಕಡೆಯವರು ಬರುತ್ತಾರೆಂದು, ಮದ್ದು ಬಿದ್ದು ಮಚ್ಚೆ ಮಚ್ಚೆಯಾದ ಗೋಡೆ ನೋಡಲಾರದೆ, ಚಿನ್ನ ಮಲಗುವ ಕೋಣೆ ಸೇರಿಸಿ ಎಲ್ಲಕ್ಕೂ ಸುಣ್ಣ ಬಳಿದೆ. ಮಣ್ಣಿಗೆ ಬಂದಾಗ ನಿನ್ನನ್ನು ಜಗಲಿಯಲ್ಲೇ ಕೂರಿಸಿದ್ದೂ ಅದಕ್ಕೇ, ಒಳಗೆ ಬಂದರೆ ನಿನಗೆ ಗೊತ್ತಾಗುತ್ತಿತ್ತು. ನಿನ್ನ ಭಾವನಿಗೆ ಇದು ಹೊಳೆದಿಲ್ಲ, ನಾನು ಹೇಳಿಲ್ಲ. ಬೆಳ್ಳಿಯಪ್ಪನ ಅಂಗಡಿ ಮುಂದೆ ನಿಂತು ಹೇಳಬೇಕು, ಕಾಲು ಬರುತ್ತಿಲ್ಲ. ನೀನು ಮಾತ್ರ ಹೋದ ಮನೆಯಲ್ಲೆಲ್ಲ ಹೇಳು, ಮದ್ದಿನ ಮೇಲೆ ಸುಣ್ಣ ಬಳಿದು ಮಗಳನ್ನು ಕಳಕೊಂಡವಳು ನನ್ನ ಅಕ್ಕ ಎಂದು. ಯಾರೋ ಒಬ್ಬಳು ಎನ್ನಬೇಡ. ಕೂಡಿಗೆಯ ಚಲುವಮ್ಮ ಎಂದು ಹೆಸರು ಹಿಡಿದೇ ಹೇಳು.