ಇಂಬಳಕ್ಕೆ ಉಪ್ಪು ಹಾಕಿದರೆ

ಕಳಸ
ಜೂನ್ ೧೨, ಗುರುವಾರ

ನನ್ನ ಮುದ್ದಿನ ಪವಿತ್ರಾಳಿಗೆ ದೊಡ್ಡಮ್ಮನ ತುಂಬು ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಮಳೆ ಹಿಡಿದಿದೆ, ನಮ್ಮ ಕಾಲಿನ ರಕ್ತ ಹೀರಿಕೊಂಡು ತೋಟದ ಇಂಬಳಗಳೂ ಚೆನ್ನಾಗಿವೆ. ಫೋನಿನಲ್ಲಿ ಮಾತಾಡೋಣವೆಂದರೆ ನಿನ್ನಮ್ಮ ಪಕ್ಕದಲ್ಲೇ ಕಿವಿ ನೆಟ್ಟು ಕೂತಿರುತ್ತಾಳೆ. ಅದಕ್ಕೇ ಪತ್ರ. ನಾಳೆ ಚಿಕ್ಕಮಗಳೂರಿಗೆ ಹೊರಟಿರುವ ನಿನ್ನ ಗೆಳತಿ ಸ್ವಾತಿ ಹಾಸ್ಟೆಲ್ಲಿಗೇ ಬಂದು ಕೊಡುತ್ತಾಳೆ.

"ಅಮ್ಮ ಮಾತೇ ಆಡ್ತಿಲ್ಲ, ಸೋಮವಾರ ಪರೀಕ್ಷೆ ಬರೆಯಲ್ಲ, ವಾಪಸ್ ಬರ್ತೀನಿ" ಎಂದು ನೀನು ಹೇಳಿಕಳಿಸಿದ್ದು ತಲುಪಿತು. ಬರಬೇಡ ಮಾರಾಯ್ತಿ! ಹೋದ ವರ್ಷ ಸೈನ್ಯದ ಪರೀಕ್ಷೆಯಲ್ಲಿ ಸಾಮಾನ್ಯ ವಿಜ್ಞಾನ ನಿನ್ನ ಕಾಲೆಳೆಯಿತು. ಈ ಸಲ ಅಮ್ಮನ ಮೌನ ಎಳೆಯುವುದು ಬೇಡ.

ನೀನು ಬಿಟ್ಟುಹೋದ ವಿಜ್ಞಾನದ ಗೈಡನ್ನು ಈಗ ನಾನು ಓದುತ್ತಿದ್ದೇನೆ. ಅಂಗಡಿಯ ಪೊಟ್ಟಣದ ಕಾಗದ ನೋಡಿ ಅಕ್ಷರ ಕಲಿತವಳಿಗೆ ಅದು ಕಡಲೆಯಂತೆ ಗಟ್ಟಿ. ಗುರುತ್ವಾಕರ್ಷಣೆ ಮಾತ್ರ ಸಲೀಸಾಗಿ ಅರ್ಥವಾಯಿತು. ಈ ಮಳೆಗೆ ಅಂಗಳದಲ್ಲಿ ಆಗಲೇ ಎರಡು ಸಲ ಬಿದ್ದಿದ್ದೇನಲ್ಲ.

ಮೊನ್ನೆ ಸಂಜೆ ನಿನ್ನಮ್ಮ ತೋಟದಿಂದ ಬಂದು ಜಗಲಿಯಲ್ಲಿ ಕೂತು, ಕೋಲಿನ ತುದಿಗೆ ಕಟ್ಟಿದ ಉಪ್ಪಿನ ಗಂಟಿನಿಂದ ಕಾಲಿನ ಇಂಬಳಗಳನ್ನು ಮುಟ್ಟಿ ಮುಟ್ಟಿ ಉದುರಿಸುತ್ತಿದ್ದಳು. ನನ್ನೆದುರಿನ ಪುಟದಲ್ಲೂ ಅದೇ ಪ್ರಶ್ನೆ: ಉಪ್ಪು ಹಾಕಿದರೆ ಇಂಬಳ ಏಕೆ ಕುಗ್ಗುತ್ತದೆ? ಬೇಕೆಂದೇ ಗಟ್ಟಿಯಾಗಿ ಓದಿದೆ.

"ಸೈನ್ಯಕ್ಕೂ ಇಂಬಳಕ್ಕೂ ಏನಕ್ಕ ಸಂಬಂಧ? ಗಡೀಲಿ ನಿಂತು ಶತ್ರುಗೆ ಉಪ್ಪು ಹಾಕ್ತಾರಾ?" ಎಂದಳು.

ನಾನು ಕಿವಿ ಕೇಳದವಳಂತೆ ‘ಉಪ್ಪು ಸುಡುತ್ತದೆ’ ಎಂಬ ಉತ್ತರಕ್ಕೆ ಪೆನ್ನಿನಲ್ಲಿ ಗುರುತು ಹಾಕಿದೆ. ನಿನ್ನ ಪುಸ್ತಕ ಮುಟ್ಟುವುದಿಲ್ಲವೆಂದಿದ್ದವಳು ಬಗ್ಗಿ ನೋಡಿಯೇಬಿಟ್ಟಳು.

"ಸುಡೋದೆಲ್ಲಿ ಬಂತಕ್ಕ! ಮಾವಿನಮಿಡಿಗೆ ಉಪ್ಪು ಹಾಕಿಟ್ರೆ ನೀರು ಬಿಟ್ಕೊಂಡು ಸುಕ್ಕಾಗಲ್ವಾ? ಇದೂ ಹಾಗೇ. ಒಳಗಿನ ನೀರು ಉಪ್ಪು ಎಳ್ಕೊಳ್ತದೆ."

ಉತ್ತರಗಳಿರುವ ಕೊನೆಯ ಪುಟ ತೆಗೆದು ನೋಡಿದರೆ ಅವಳದೇ ಸರಿ! ಅದರ ಹೆಸರು ಅಭಿಸರಣೆ ಅಂತೆ. ಪರೀಕ್ಷೆಯಲ್ಲಿ ಬಂದರೆ ಉಪ್ಪಿನಕಾಯಿ ಜಾಡಿ ನೆನೆಸಿಕೋ, ನನ್ನನ್ನಲ್ಲ.

"ನಾನೇ ಬರೆದಿದ್ರೆ ಪಾಸಾಗ್ತಿದ್ದೆ" ಎಂದು ಹೊಟ್ಟೆ ಹಿಡಿದು ನಕ್ಕಳು. ನಾನು ನಿನ್ನ ಹೆಸರೆತ್ತಿದೆ. ನಗು ಅಲ್ಲಿಗೇ ನಿಂತಿತು. "ಅವಳ ಕೈಲಿ ಬಂದೂಕು ನೆನೆಸ್ಕೊಂಡ್ರೆ ನಿದ್ದೆ ಬರಲ್ಲಕ್ಕ" ಎಂದಷ್ಟೇ ಹೇಳಿ ಒಳಗೆ ಹೋದಳು.

ಸುಳ್ಳು ಬರೆಯಲಾರೆ, ಅವಳಿನ್ನೂ ಹೂಂ ಎಂದಿಲ್ಲ. ಆದರೆ ನಾವಿಬ್ಬರೂ ಸಿಟ್ಟೆಂದು ತಿಳಿದದ್ದು ಹೆದರಿಕೆ, ಮಗಳೇ. ನೀನು ಅರ್ಧಕ್ಕೇ ಓಡಿಬಂದರೆ ಅದು ಇಳಿಯುತ್ತದೆಯೇ? ಬರೆದೇ ಬಾ.

ಇತಿ,
ಎರಡು ಸಲ ಬಿದ್ದರೂ ಗಟ್ಟಿಯಾಗಿರುವ ನಿನ್ನ ದೊಡ್ಡಮ್ಮ
ಮುತ್ತಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನಮ್ಮ ಬಂದಳು. ಯಾರಿಗೆ ಪತ್ರವೆಂದು ಕೇಳಲಿಲ್ಲ. ತನ್ನ ಹಳೆಯ ಸೀರೆಯ ಸೆರಗು ಹರಿದು ಕಟ್ಟಿದ ಹೊಸ ಉಪ್ಪಿನ ಗಂಟನ್ನು ನನ್ನ ಮುಂದಿಟ್ಟು, "ಇದನ್ನೂ ಸ್ವಾತಿ ಕೈಲಿ ಕಳಿಸು. ಪರೀಕ್ಷೆ ಪಾಸಾದ್ಮೇಲೆ ಮೈದಾನದಲ್ಲಿ ಓಡಿಸ್ತಾರಂತಲ್ಲ, ಅಲ್ಲಿ ಇಂಬಳ ಇದ್ರೆ?" ಎಂದಳು. ಅಲ್ಲಿ ಇಂಬಳ ಇರುವುದಿಲ್ಲವೆಂದು ನಾನು ಹೇಳಲಿಲ್ಲ. ನೀನೂ ಹೇಳಬೇಡ.