ಸೌದೆ ಸೀಳುವ ಮಚ್ಚು

ಅಣ್ಣನಿಗೆ,

ಜೈಲಿನಿಂದ ನೀನು ಹೇಳಿಕಳಿಸಿದ ಮಾತು ಮುಟ್ಟಿತು: "ಅವಳಿಗೆ ನೆಟ್ಟಗೆ ಒಂದು ಮಚ್ಚು ಮಾಡೋಕೂ ಬರಲ್ಲ." ಬೇಕಾದಷ್ಟು ಬೈಯಿ. ನನ್ನ ಕೆಲಸದ ಬಗ್ಗೆ ಮಾತ್ರ ಸುಳ್ಳು ಹೇಳಬೇಡ.

"ಸೌದೆ ಸೀಳೋಕೆ ಮಾಡಿಕೊಡು" ಅಂತ ನೀನು ಕೇಳಿದೆ. ನಮ್ಮ ಮನೆಯಲ್ಲಿ ಸೌದೆ ಒಲೆಯೇ ಇಲ್ಲ. ಹಿಂದಿನ ದಿನವಷ್ಟೇ ನೀನು ಅಪ್ಪನ ಕುತ್ತಿಗೆ ಹಿಸುಕಿದ್ದೆ. ನಾನು ಆಗಲ್ಲ ಅಂದಿದ್ದರೆ ನೀನು ಅಂಗಡಿಯಿಂದ ಗಟ್ಟಿ ಮಚ್ಚು ತರುತ್ತಿದ್ದೆ.

ಅದಕ್ಕೇ ನಾನು ಹಿತ್ತಲ ವರ್ಕ್‌ಶಾಪಿನಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಿ ಮಸೆದೆ, ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದೆ. ಆಮೇಲೆ ಅದನ್ನು ಇನ್ನೊಮ್ಮೆ ಹದವಾಗಿ ಕಾಯಿಸಬೇಕು, ಇಲ್ಲದಿದ್ದರೆ ಆ ಉಕ್ಕು ಗಾಜಿನಂತೆ ಒಡೆಯುತ್ತದೆ. ಆ ಕೊನೆಯ ಹಂತವನ್ನು ಬೇಕೆಂದೇ ಬಿಟ್ಟೆ.

ಬಾಗಿಲು ಒದ್ದು ಒಳಬಂದು ನೀನು ಬೀಸಿದ ಮೊದಲ ಏಟು ಅಪ್ಪನ ಭುಜ ಸೀಳಿತು. ಎರಡನೆಯದು ಬಾಗಿಲ ಕಬ್ಬಿಣದ ಚೌಕಟ್ಟಿಗೆ ಬಡಿದು ಮಚ್ಚು ಚೂರಾಯಿತು, ಒಂದು ಚೂರು ನಿನ್ನ ಕೆನ್ನೆಯನ್ನೇ ಹರಿಯಿತು. ಮೂರನೆಯ ಏಟಿಗೆ ನಿನ್ನ ಕೈಯಲ್ಲಿದ್ದದ್ದು ಬರೀ ಹಿಡಿ.

ಅಪ್ಪ ಬದುಕಿದ್ದಾರೆ. ಅಂಗಿ ನಾನೇ ತೊಡಿಸುತ್ತೇನೆ.

ನೀನು ಒದ್ದು ಮುರಿದ ಬಾಗಿಲಿಗೆ ಸ್ಟೇನ್‌ಲೆಸ್ ಸ್ಟೀಲಿನ ಚಿಲಕ ಮಾಡುತ್ತಿದ್ದೇನೆ. ಹಠಮಾರಿ ಲೋಹ, ಕೊರೆಯುವಾಗ ಒತ್ತಡ ಸಡಿಲಿಸಿದರೆ ಇನ್ನಷ್ಟು ಗಟ್ಟಿಯಾಗುತ್ತದೆ. ದಪ್ಪ ಡ್ರಿಲ್ ಬಿಟ್ ಎಲ್ಲಿಟ್ಟಿದ್ದೀಯ, ಹೇಳಿಕಳಿಸು.

ಬಿಡುಗಡೆಯಾದ ದಿನ ಬಾಗಿಲು ತಟ್ಟು, ಒದೆಯಬೇಡ. ಈ ಸಲ ಚಿಲಕದಲ್ಲಿ ನಾನು ಏನನ್ನೂ ಬೇಕೆಂದು ಬಿಡುತ್ತಿಲ್ಲ.

ನಿನ್ನ ತಂಗಿ