ಗೀರೆಂದು ಅಳಿಸಿಹೋದ ಮಳೆ

ಗೀರಿಗೂ ಹನಿಗೂ ವ್ಯತ್ಯಾಸ ಕಾಣದ ಚಲನಚಿತ್ರ ಭಂಡಾರದ ಮಾನ್ಯ ನಿರ್ದೇಶಕರೇ,

ನೀವು ನಮ್ಮ ಮಳೆಯನ್ನು ಅಳಿಸಿಹಾಕಿದ್ದೀರಿ. ನಿಮ್ಮ ಕಚೇರಿಯಲ್ಲಿ ಹೇಳಿ ಸೋತೆ. ಇನ್ನು ಝಾಗ್ರೆಬ್ ಊರೇ ಕೇಳಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ಅರವತ್ತರ ದಶಕದ ಆ ಪುಟ್ಟ ಕಾರ್ಟೂನ್ ಚಿತ್ರದಲ್ಲಿ ಹೆಂಡತಿ ಸತ್ತ ಮುದುಕನೊಬ್ಬ ಜಡಿಮಳೆಯಲ್ಲಿ ನಡೆಯುತ್ತಾನೆ. ಕೊಡೆಯನ್ನು ಪಕ್ಕದ ಖಾಲಿ ಜಾಗದ ಮೇಲೆ ಹಿಡಿದು ತಾನು ನೆನೆಯುತ್ತಾನೆ. ಕಥೆ ಅಷ್ಟೇ. ಬಣ್ಣದಲ್ಲಿ ಬರೆದ ಮಳೆ ತೀರಾ ಮೆತ್ತಗೆ ಕಂಡಿತೆಂದು ನಾನೂ ಗೆಳತಿ ನೆವೆಂಕಾಳೂ ಗ್ರಾಮಫೋನ್ ಸೂಜಿ ಹಿಡಿದು ಫಿಲ್ಮಿನ ಮೇಲೆಯೇ ಒಂದೊಂದು ಹನಿಯನ್ನೂ ಗೀರಿದೆವು. ಚಳಿಗಾಲವಿಡೀ ಅದೇ ಕೆಲಸ. "ನಿಂದು ಬರೀ ತುಂತುರು ಕಣೇ ಸ್ಲಾವಿತ್ಸಾ. ನನ್ನ ಮಳೆ ನೋಡು, ಮುದುಕನಿಗೆ ನ್ಯುಮೋನಿಯಾ ಗ್ಯಾರಂಟಿ!" ಎಂದು ನೆವೆಂಕಾ ನನ್ನನ್ನು ಕೆಣಕುತ್ತಿದ್ದಳು.

ಈಗ ತಾವು ಅದರ ಡಿಜಿಟಲ್ ಜೀರ್ಣೋದ್ಧಾರ ಮಾಡಿಸಿದಿರಿ. ಉದ್ದನೆಯ ಗೆರೆ ಕಂಡಲ್ಲೆಲ್ಲ ಹಳೆಯ ಫಿಲ್ಮಿನ ಸವೆತವೆಂದು ಕಂಪ್ಯೂಟರ್ ಒರೆಸಿಹಾಕಿತು. ನೆಗಡಿ ಬಂತೆಂದು ಮೂಗು ಕೊಯ್ಯುವವರ ಬಗ್ಗೆ ಕೇಳಿದ್ದೆ. ನೆಗಡಿಯೇ ಇಲ್ಲದ ಮೂಗನ್ನು ಕೊಯ್ದವರು ನೀವೇ ಮೊದಲು. ತಿಳಿ ಆಕಾಶದಡಿ ಕೊಡೆ ಬಿಚ್ಚಿ ನಡೆಯುವವನನ್ನು ಕಂಡು ನಿಮ್ಮಲ್ಲೊಬ್ಬರಿಗೂ ಅನುಮಾನ ಬರಲಿಲ್ಲವೇ? ಅಥವಾ ಯಾರೂ ಚಿತ್ರವನ್ನೇ ನೋಡಲಿಲ್ಲವೇ?

ಹೊಸ ಪ್ರತಿಯ ಮೊದಲ ಪ್ರದರ್ಶನಕ್ಕೆ ಕರೆದು ನಮ್ಮಿಬ್ಬರನ್ನು ಹೂ ಕೊಟ್ಟು ಮುಂದಿನ ಸಾಲಿನಲ್ಲಿ ಕೂರಿಸಿದಿರಿ, ಉಪಕಾರವಾಯಿತು. ಚಿತ್ರ ಕನ್ನಡಿಯಂತೆ ಹೊಳೆಯಿತು. ಮುದುಕ ಬಂದ, ಸಭಾಂಗಣ ಗೊಳ್ಳೆಂದು ನಕ್ಕಿತು. ನೆವೆಂಕಾಗೆ ಮರೆವಿನ ಕಾಯಿಲೆ ಶುರುವಾಗಿ ಕೆಲಕಾಲವಾಗಿದೆ. ಬೀಗದ ಕೈಯನ್ನು ಫ್ರಿಜ್ಜಿನಲ್ಲಿಡುತ್ತಾಳೆ, ಆದರೆ ಆ ಚಳಿಗಾಲ ಮಾತ್ರ ಅವಳಿಗೆ ನಿನ್ನೆಯಷ್ಟೇ ಹತ್ತಿರವಿತ್ತು. ಅವಳು ನನ್ನ ಕೈ ಹಿಡಿದಳು.

"ಮಳೆ ಎಲ್ಲೇ?"

"ಅಳಿಸಿಬಿಟ್ಟಿದಾರೆ ಕಣೇ."

"ಸುಮ್ನಿರು. ಅಷ್ಟು ದೊಡ್ಡ ಆಫೀಸಿನವರು ಯಾಕೆ ಅಳಿಸ್ತಾರೆ? ನಾವು ಮಳೆ ಬರೆದೇ ಇಲ್ಲ. ನನ್ನ ತಲೆ ಪೂರ್ತಿ ಹೋಯ್ತು."

ಅಂದಿನಿಂದ ಅವಳು ತನ್ನ ಯಾವ ನೆನಪನ್ನೂ ನಂಬಲಿಲ್ಲ. "ನಂಗೆ ಮದುವೆ ಆಗಿತ್ತಾ?" ಎಂದು ಮಗಳನ್ನು ಕೇಳಿದಳಂತೆ. ಹಳೆಯ ರೀಲನ್ನು ಒಮ್ಮೆ ತೋರಿಸಿದರೆ ಸರಿಹೋದಾಳು ಎಂದು ಅವಳನ್ನು ನಿಮ್ಮ ಕಚೇರಿಗೆ ಕರೆತಂದೆ. ನಿಮ್ಮ ಅಧಿಕಾರಿ ಮರ್ಯಾದಸ್ಥ, ಕೂರಿಸಿ ಕಾಫಿ ಕೊಟ್ಟ.

"ಅಮ್ಮಾ, ಈಗ ಹೊಸ ಪ್ರತಿಯೇ ಅಧಿಕೃತ. ಹಳೇದನ್ನ ಯಾರಿಗೂ ತೋರಿಸೋ ಹಾಗಿಲ್ಲ."

"ಹಳೇದು ಇದೆಯಲ್ಲಪ್ಪಾ?"

"ಇದೆ. ಆದ್ರೆ ಅದ್ರ ತುಂಬ ಬರೀ ಗೀರು."

"ಅದೇ ಬೇಕು!" ಎಂದು ಮೇಜು ಕುಟ್ಟಿದೆ. ನೆವೆಂಕಾ ನನ್ನ ತೋಳು ಜಗ್ಗಿ, "ಬೇಜಾರು ಮಾಡ್ಕೋಬೇಡಪ್ಪಾ. ಇವಳಿಗೂ ವಯಸ್ಸಾಯ್ತು" ಎಂದು ಅವನ ಕ್ಷಮೆ ಕೇಳಿದಳು. ನಿರ್ದೇಶಕರೇ, ನನ್ನ ಗೆಳತಿ ನಿಮ್ಮ ಪಕ್ಷ ಸೇರಿದ್ದಳು.

ಈಗ ಅವಳು ಸಮೋಬೋರ್‌ನ ಆರೈಕೆ ಮನೆಯಲ್ಲಿದ್ದಾಳೆ. ಕಳೆದ ಭಾನುವಾರ ಅವಳಿಗೆ ಇಷ್ಟದ ಕೆನೆ ಕೇಕು ಹಿಡಿದು ಹೋಗಿದ್ದೆ. "ಇವಳೂ ನಾನೂ ಬ್ಯಾಂಕಲ್ಲಿ ಒಟ್ಟಿಗೆ ಕೆಲಸ ಮಾಡ್ತಿದ್ವಿ" ಎಂದು ದಾದಿಗೆ ನನ್ನನ್ನು ಪರಿಚಯಿಸಿದಳು. ನಾವಿಬ್ಬರೂ ಬ್ಯಾಂಕಿನಲ್ಲಿ ಒಂದು ದಿನವೂ ದುಡಿದವರಲ್ಲ. ನಾನು ಹೌದೆಂದೆ. ತಿದ್ದಲು ನನ್ನ ಬಳಿ ಸಾಕ್ಷಿ ಏನಿದೆ?

ಸಾಕ್ಷಿ ನಿಮ್ಮ ನೆಲಮಾಳಿಗೆಯಲ್ಲಿದೆ. ಹೊಸ ಪ್ರತಿಯನ್ನು ನಿಧಾನವಾಗಿ ತಿದ್ದಿ. ಸಮಿತಿ ರಚಿಸಿ, ಸಭೆ ಸೇರಿ, ನಿಮ್ಮ ಪದ್ಧತಿಗೆ ನಾನು ಅಡ್ಡಬರುವುದಿಲ್ಲ. ಆದರೆ ಆ ಹಳೆಯ ರೀಲನ್ನೂ ಒಂದು ಪ್ರೊಜೆಕ್ಟರನ್ನೂ ಈ ವಾರವೇ ಸಮೋಬೋರ್‌ಗೆ ತನ್ನಿ. ಅವಳ ಕೋಣೆಯ ಗೋಡೆ ಬಿಳಿಯದೇ, ಪರದೆ ಬೇಕಿಲ್ಲ. ಅವಳು ಗುರುತಿಸದೆಯೂ ಹೋಗಬಹುದು. ಆಗ ನಾನು ನಿಮ್ಮನ್ನು ದೂರುವುದಿಲ್ಲ. ಅವಳ ಪಕ್ಕ ಕೂತು ಕೊನೆಯವರೆಗೂ ನೋಡುತ್ತೇನೆ.

ಇಂತಿ,
ಸದ್ಯಕ್ಕಿನ್ನೂ ಎಲ್ಲ ನೆನಪಿರುವ
ಸ್ಲಾವಿತ್ಸಾ ಪೆರ್ಕೊವಾತ್ಸ್